ಬೆನ್ನು ತಿರುಗಿಸಿದ ಹೂವು

ಬೋರ್ಡಣ್ಣನಿಗೆ ಅವನಮ್ಮ ಇಟ್ಟ ಹೆಸರು ಒಂದಿತ್ತು. ಅದು ಈಗ ಅವನಮ್ಮನಿಗೂ ನೆನಪಿದೆಯೋ ಇಲ್ಲವೋ. ಬೀದಿಗೆಲ್ಲ ಅವನು ಬೋರ್ಡಣ್ಣ. ಅವನ ಕೈ ಹಿಡಿದ ತಪ್ಪಿಗೆ ಹೆಂಡತಿ ಬೋರ್ಡಕ್ಕ. “ಡಾಕ್ಟರನ್ನ ಮದುವೆ ಆಗಿದ್ರೆ ಡಾಕ್ಟ್ರಮ್ಮ ಆಗಿರ್ತಿದ್ದೆ. ನೋಡು, ಹಲಗೆ ಆಗಿಹೋದೆ” ಎಂದು ಅವಳು ನಗುತ್ತಿದ್ದಳು. ಒಂದು ದಿನವೂ ಬ್ರಶ್ಶು ಹಿಡಿದವಳಲ್ಲ. ಆದರೆ ಇಪ್ಪತ್ತು ಬಗೆಯ ಬಣ್ಣದ ಕಲೆ ತೆಗೆಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ.

ಆ ಬೀದಿಯಲ್ಲಿ ಈ ತುದಿಯಿಂದ ಆ ತುದಿಗೆ ನಡೆದರೆ ಕಣ್ಣಿಗೆ ಬೀಳುವ ಅಕ್ಷರವೆಲ್ಲ ಅವನದೇ. ಹಲ್ಲಿನ ಡಾಕ್ಟರ ಬಾಗಿಲ ಮೇಲೆ ನಗುವ ಹಲ್ಲು, ಬೀಗದ ಅಂಗಡಿಯ ಮೇಲೆ ಆಳೆತ್ತರದ ಬೀಗದ ಕೈ, ಗೇಟುಗಳ ಮೇಲೆ ‘ನಾಯಿ ಇದೆ ಎಚ್ಚರಿಕೆ.’ ನಾಯಿ ಇಲ್ಲದವರೂ ಬಂದು ಬರೆಸಿಕೊಂಡು ಹೋಗುತ್ತಿದ್ದರು. ಅವನು ಬರೆದ ನಾಯಿಯನ್ನು ನೋಡಿ ನಿಜವಾದ ನಾಯಿಯೊಂದು ದಿನಾ ಬಂದು ಬೊಗಳಿ ಹೋಗುತ್ತಿತ್ತಂತೆ. ಹಾಗಂತ ಅವನೇ ಹೇಳಿಕೊಳ್ಳುತ್ತಿದ್ದ. ಬೊಗಳಿದ್ದನ್ನು ಬೇರೆ ಯಾರೂ ಕೇಳಿಲ್ಲ.

ಕೆಲಸ ಕಲಿಸಿದವನು ಸೋದರಮಾವ. ಬಸ್ಸುಗಳ ಮೇಲೆ ಊರಿನ ಹೆಸರು ಬರೆಯುತ್ತಿದ್ದ ಆಸಾಮಿ. ಕಲಿಸಿದ್ದಕ್ಕಿಂತ ಬೈದದ್ದೇ ಹೆಚ್ಚು. “ಅಕ್ಷರ ಅಂದ್ರೆ ಏನೋ? ದೂರದಲ್ಲಿ ನಿಂತವನಿಗೂ ಕಾಣಬೇಕು, ಓಡ್ತಿರೋನಿಗೂ ಕಾಣಬೇಕು, ಓದೋಕೆ ಬರದವನಿಗೂ ಛೇ ಓದಬೇಕಿತ್ತು ಅನ್ನಿಸಬೇಕು. ಮುಖ ಮುಂದಕ್ಕಿರಲಿ, ಹಿಂದೆ ನೆರಳಿರಲಿ. ಮೇಲೆ ಹೊಳಪು ಬಳಿ. ನಾಳೆ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯೋ ಹೊತ್ತಿಗೆ ಒಣಗಿರಬೇಕು. ಅಷ್ಟೇ ವಿದ್ಯೆ.” ಆ ಅಷ್ಟೂ ವಿದ್ಯೆಯನ್ನು ಬೋರ್ಡಣ್ಣ ಮೈಗೂಡಿಸಿಕೊಂಡಿದ್ದ. ಅವನ ಅಕ್ಷರಗಳಿಗೆಲ್ಲ ಕೆಳಗೆ ಬಲಗಡೆ ಕಪ್ಪು ನೆರಳು ಇದ್ದೇ ಇರುತ್ತಿತ್ತು. ಹಾಲಿನವನಿಗೆ ‘ಇವತ್ತು ಬೇಡ’ ಅಂತ ಚೀಟಿ ಬರೆದರೂ ನೆರಳು ಹಾಕಿಯೇ ಬಾಗಿಲಿಗೆ ಸಿಕ್ಕಿಸುವನು.

ಹೀಗೆ ಬದುಕು ನೆಟ್ಟಗೆ ಸಾಗಿತ್ತು. ಒಂದು ಭಾನುವಾರ ಹೆಂಡತಿಯ ಅಕ್ಕನ ಹೊಸ ಮನೆ ನೋಡೋಕೆ ಹೋಗದೇ ಇದ್ದಿದ್ದರೆ ಇವತ್ತಿಗೂ ಹಾಗೇ ಸಾಗುತ್ತಿತ್ತೋ ಏನೋ.

ಅಕ್ಕನ ಗಂಡ, ಅಂದರೆ ಬೋರ್ಡಣ್ಣನ ಷಡ್ಡಕ, ನೆಲದ ಟೈಲ್ಸು ಮಾರುವ ದೊಡ್ಡ ಅಂಗಡಿಯವನು. ಎತ್ತರದ ಆಳು, ಬಾಗಿಲಿನಷ್ಟು ಅಗಲದ ಬೆನ್ನು. ಯಾರ ಮನೆಗೆ ಹೋದರೂ ಮೊದಲು ಬೆರಳ ಗೆಣ್ಣಿನಿಂದ ಗೋಡೆಯನ್ನು ಟಕ್ ಟಕ್ ತಟ್ಟಿ ನೋಡುವುದು, ಆಮೇಲೆ ಅದಕ್ಕೇ ಒರಗಿ ನಿಲ್ಲುವುದು, ಇವೆರಡು ಅವನ ಅಭ್ಯಾಸ. ಹೊಸ ಮನೆಯಲ್ಲಂತೂ ಒರಗಲು ಗೋಡೆಗಳಿಗೆ ಬರವಿರಲಿಲ್ಲ. ಎಲ್ಲ ಗೋಡೆಗೂ ಒರಗಿ, ಎಲ್ಲ ಗೋಡೆಯ ಚರಿತ್ರೆಯನ್ನೂ ಹೇಳಿದ ಮೇಲೆ, ನಡುಮನೆಯ ದೊಡ್ಡ ಗೋಡೆಯ ಮುಂದೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ.

ಅಲ್ಲಿ ಹೂವಿನ ಚಿತ್ರ. ಬಾವಿಯೊಳಗಿನಂಥ ಕಪ್ಪು ಹಿನ್ನೆಲೆ. ಎಡಗಡೆಯ ಯಾವುದೋ ಕಾಣದ ಕಿಟಕಿಯಿಂದ ಬೆಳಕು ಬಿದ್ದು, ಗಾಜಿನ ಹೂಜಿಯಿಂದ ಉಕ್ಕಿ ಚೆಲ್ಲುವ ಹಾಗೆ ಹೂವುಗಳು: ಗುಲಾಬಿ, ಗಸಗಸೆ ಹೂವು, ಕೆಂಪು ಗೀರಿನ ಬಿಳಿ ಟ್ಯುಲಿಪ್ಪು. ಕಲ್ಲುಕಟ್ಟೆಯ ಮೇಲೆ ಉದುರಿದ ಎಸಳು, ಎಲೆಯ ಮೇಲೊಂದು ನೀರಹನಿ, ಎಲೆ ತಿನ್ನುವ ಹುಳು ಕೂಡ.

“ಬರೋಕ್ ಶೈಲಿ,” ಎಂದಳು ಅಕ್ಕ. “ಯುರೋಪಿನದು, ನಾನೂರು ವರ್ಷದಷ್ಟು ಹಳೇದು.”

ಬೋರ್ಡಣ್ಣನ ಅಮ್ಮ ಹತ್ತಿರ ಹೋಗಿ ಮೂಗು ತಾಗಿಸುವ ಹಾಗೆ ನೋಡಿದಳು. “ನಾನೂರು ವರ್ಷಕ್ಕೆ ಹಾಳೆ ಚೆನ್ನಾಗಿ ಇಟ್ಕೊಂಡಿದ್ದೀರಮ್ಮ. ಹೊಸದರ ಥರಾನೇ ಇದೆ.”

“ಶೈಲಿ ಹಳೇದು, ಅಮ್ಮಾ! ಹಾಳೆ ಹೊಸದು. ಅಚ್ಚು ಹಾಕಿಸಿದ್ದು.”

“ಓ! ಹಾಗಾದ್ರೆ ಹುಳುವನ್ನಾದ್ರೂ ತೆಗೆಸಬಹುದಿತ್ತು.”

ಎಲ್ಲರೂ ಮುಂದಿನ ಕೋಣೆಗೆ ಹೋದರೂ ಬೋರ್ಡಕ್ಕ ಮಾತ್ರ ಅಲ್ಲಿಂದ ಕದಲಲಿಲ್ಲ. ಅಕ್ಕ ಹಿಂತಿರುಗಿ ನೋಡಿ, “ಏನೇ ಪುಟ್ಟಿ, ಹಾಗೇ ನಿಂತುಬಿಟ್ಟೆ? ನಿಮ್ಮನೇಲೂ ಏನಾದ್ರೂ ತೂಗುಹಾಕೇ. ಆ ಪೇಂಟ್ ಡಬ್ಬದವರು ಕೊಟ್ಟ ಕ್ಯಾಲೆಂಡರ್ ನೋಡಿ ನೋಡಿ ನಂಗೇ ಸಾಕಾಗಿದೆ” ಎಂದಳು.

ಬೋರ್ಡಕ್ಕ ಹುಟ್ಟಿದಾಗಿನಿಂದ ಅಕ್ಕನ ಮಾತಿಗೆ ಎದುರಾಡಿದವಳಲ್ಲ. ಅವಳ ಹಳೇ ಬಟ್ಟೆ ತೊಟ್ಟು, ಹಳೇ ಪುಸ್ತಕ ಓದಿ, ಹಳೇ ಬುದ್ಧಿಮಾತು ಕೇಳಿ ಬೆಳೆದವಳು. ಆ ದಿನ ಅದೇನಾಯಿತೋ, ಚಿತ್ರದಿಂದ ಕಣ್ಣು ತೆಗೆಯದೆ ಹೇಳಿಬಿಟ್ಟಳು: “ಇದು ಅಚ್ಚು ಅಲ್ವೇನಕ್ಕ? ನಮ್ಮವರು ಕೈಯಲ್ಲೇ ಬರೀತಾರೆ. ಎಣ್ಣೆ ಬಣ್ಣದಲ್ಲಿ.”

ಒಳಗೆ ಬೋರ್ಡಣ್ಣನ ಗಂಟಲಲ್ಲಿ ಬಿಸ್ಕತ್ತು ಅಡ್ಡಡ್ಡ ನಿಂತಿತು.

“ಹೌದಾ?” ಅಕ್ಕನ ಹುಬ್ಬು ಮೇಲೇರಿತು. “ಬರೀತಿದ್ದಾರಾ?”

“ಬರೀತಾ ಇದ್ದಾರೆ.”

“ಸರಿ ಹಾಗಾದ್ರೆ. ಮುಂದಿನ ತಿಂಗಳು ನಿಮ್ಮನೆಗೆ ಬರೋದಿದೆಯಲ್ಲ, ಕಣ್ತುಂಬ ನೋಡಿಬಿಡೋಣ.”

ಬಸ್ಸಿನಲ್ಲಿ ಗಂಡ ಹೆಂಡತಿ ಒಂದೇ ಸೀಟಿನಲ್ಲಿ ಕೂತು ಬೇರೆ ಬೇರೆ ಕಿಟಕಿ ನೋಡಿದರು. ಕೊನೆಗೆ ಬೋರ್ಡಣ್ಣನೇ ಬಾಯಿ ಬಿಟ್ಟ. “ಅಲ್ಲ ಕಣೇ, ನಾನು ಯಾವ ಕಾಲದಲ್ಲಿ ಹೂವು ಬರ್ದಿದ್ದೆ?”

“ಬ್ಯೂಟಿ ಪಾರ್ಲರ್ ಬೋರ್ಡಲ್ಲಿ ಒಂದು ಗುಲಾಬಿ ಬರ್ದಿದ್ರಲ್ಲ.”

“ಅದನ್ನ ನೋಡಿ ಇಬ್ಬರು ಕೋಸು ಕೇಳ್ಕೊಂಡು ಬಂದಿದ್ರು.”

ಅವಳು ನಗಲಿಲ್ಲ. “ಬರೆಯೋಕೆ ಆಗಲ್ಲ ಅಂದ್ರೆ ಹೇಳಿ. ಅಕ್ಕನಿಗೆ ಫೋನ್ ಮಾಡಿ ಸುಳ್ಳು ಹೇಳಿದ್ದೆ ಅಂತೀನಿ.” ಆ ಮಾತು ಹೇಳುವಾಗ ಅವಳ ಮುಖ ಎಷ್ಟು ಸಣ್ಣದಾಯಿತೆಂದರೆ, ಇವನಿಗೆ ನೋಡಲಾಗಲಿಲ್ಲ.

“ಆಗಲ್ಲ ಅಂತ ಯಾರಂದ್ರು? ಬರೀತೀನಿ ಬಿಡು. ಅದರಲ್ಲಿ ನಿಂಗೆ ಯಾವುದು ಹಿಡಿಸ್ತು, ಅದನ್ನ ಹೇಳು.”

ಅವಳು ಕಿಟಕಿಯಿಂದ ಇತ್ತ ತಿರುಗಿದಳು. “ಕೆಳಗಡೆ ಒಂದು ಗುಲಾಬಿ ಆ ಕಡೆ ತಿರುಗ್ಕೊಂಡಿತ್ತು. ಬೆನ್ನು ಮಾತ್ರ ಕಾಣ್ತಿತ್ತು. ಅದು.”

“ಬೆನ್ನಾ? ಬೆನ್ನಲ್ಲಿ ಏನೇ ಇದೆ ನೋಡೋಕೆ?”

“ಏನಿಲ್ಲ ಅಂತಲೇ ಇಟ್ಕೊಳ್ಳಿ. ಉಳಿದವೆಲ್ಲ ನನ್ನ ನೋಡು, ನನ್ನ ನೋಡು ಅಂತಿದ್ವು. ಅದೊಂದು ತನ್ನ ಪಾಡಿಗೆ ತಾನಿತ್ತು.”

ಮಾರನೇ ದಿನ ಊಟದ ಮೇಜು ಬೋರ್ಡಣ್ಣನ ವಶವಾಯಿತು. ಮನೆಮಂದಿ ಅಡುಗೆಮನೆಯಲ್ಲಿ ತಟ್ಟೆಯನ್ನು ಮೊಣಕಾಲ ಮೇಲಿಟ್ಟುಕೊಂಡು ಉಣ್ಣತೊಡಗಿದರು. ಬಿಸ್ಕತ್ತಿನ ಗಾಜಿನ ಜಾಡಿ ಖಾಲಿಯಾಗಿ ಹೂಜಿಯಾಯಿತು. ಬಿಸ್ಕತ್ತೆಲ್ಲ ಅಮ್ಮನ ದಿಂಬಿನ ಪಕ್ಕಕ್ಕೆ ವರ್ಗವಾಗಿ, ಹೂವಿನ ಚಿತ್ರದಿಂದ ಮೊದಲ ಲಾಭ ಅವಳಿಗೇ ಆಯಿತು. ಕಿಟಕಿಯ ಒಂದು ರೆಕ್ಕೆಗೆ ಕಂಬಳಿ ಕಟ್ಟಿ, ಇನ್ನೊಂದರಿಂದ ಮಾತ್ರ ಬೆಳಕು ಬರುವ ಹಾಗೆ ಮಾಡಿದ.

ಗುರುವಾಗಿ ಸಿಕ್ಕವನು ಫೋನಿನ ವಿಡಿಯೋದ ಒಬ್ಬ ಗಡ್ಡದ ಮುದುಕ. ಹಳೇ ಕಾಲದವರ ಹೂವಿನ ಚಿತ್ರ ಹೇಗೆ ಬರೆಯುವುದೆಂದು ತೋರಿಸುತ್ತಿದ್ದ. ಮುದುಕನ ಭಾಷೆ ಬೋರ್ಡಣ್ಣನಿಗೆ ತಿಳಿಯದು. ಕೆಳಗೆ ಸಣ್ಣಕ್ಷರದಲ್ಲಿ ಅರ್ಥ ಬರುತ್ತಿತ್ತು. ಆದರೆ ಮುದುಕನ ಎಡಗೈಯಲ್ಲಿ, ತುದಿಗೆ ಬಟ್ಟೆಯ ಉಂಡೆ ಕಟ್ಟಿದ ಕೋಲೊಂದಿತ್ತು. ಬರೆಯುವಾಗ ಬಲಗೈ ನಡುಗದಂತೆ ಆನಿಸಿಕೊಳ್ಳಲು.

“ನೋಡಿಲ್ಲಿ! ಅಮ್ಮಾ, ಬಾ ಇಲ್ಲಿ! ನನ್ನ ಕೋಲು! ಮಾವ ಕೊಟ್ಟಿದ್ದಲ್ಲ, ಅದೇ ಕೋಲು!”

“ನಿಮ್ಮಾವ ಆ ಕೋಲಲ್ಲಿ ಬರೆದಿದ್ದಕ್ಕಿಂತ ನಿಂಗೆ ಬಾರಿಸಿದ್ದೇ ಹೆಚ್ಚು,” ಎಂದಳು ಅಮ್ಮ.

ಕೋಲು ಒಂದೇ ಆದ ಮೇಲೆ ವಿದ್ಯೆಯೂ ಒಂದೇ ಎಂದು ಬೋರ್ಡಣ್ಣ ತೀರ್ಮಾನಿಸಿಬಿಟ್ಟ. ಮುದುಕ ಬ್ರಶ್ಶು ಹಿಡಿದಾಗೆಲ್ಲ ಕಣ್ಣು ಮಿಟುಕಿಸದೆ ನೋಡುವನು. ಮುದುಕ ಕುರ್ಚಿಯಲ್ಲಿ ಕೂತು ಮಾತಿಗೆ ಶುರುವಿಟ್ಟರೆ, “ಶುರುವಾಯ್ತು ಪುರಾಣ” ಎಂದು ಬೆರಳಿಂದ ಮುಂದಕ್ಕೆ ತಳ್ಳುವನು. ಪಾಪ, ಮುದುಕ ಪ್ರತಿ ಸಲ ಕೂತು ಹೇಳುತ್ತಿದ್ದುದು ಒಂದೇ ವಿಷಯ: ಈಗ ಬಳಿದದ್ದು ಪೂರ್ತಿ ಒಣಗಲಿ, ವಾರಗಟ್ಟಲೆ ಆದರೂ ಕಾಯಿರಿ, ಎಣ್ಣೆಯನ್ನು ಕೈ ಬಿಗಿಹಿಡಿದು ಹಾಕಿ, ಹೊಳಪಿನ ವಾರ್ನಿಷ್ಷನ್ನು ಅವಸರದಲ್ಲಿ ಬಳಿಯಬೇಡಿ.

ಬೋರ್ಡಣ್ಣ ಚೌಕಟ್ಟಿಗೆ ಬಿಗಿದ ಬಟ್ಟೆಗೆ ಕಡು ಕಂದು ಬಣ್ಣದ ತಳ ಬಳಿದ. ಅಮ್ಮ ಇಣುಕಿ, “ಹೊಸ ಬಟ್ಟೆಗೆ ಕೆಸರು ಮೆತ್ತೋಕೆ ಇಷ್ಟು ಹೊತ್ತು ಬೇಕಿತ್ತೇನೋ?” ಎಂದಳು. ಅದರ ಮೇಲೆ ಹೂವುಗಳು ಇಳಿಯತೊಡಗಿದವು. ಬಣ್ಣಕ್ಕೆ ಹೊಳಪು ಬರಲೆಂದು ಅಗಸೆ ಎಣ್ಣೆಯನ್ನು ಧಾರಾಳವಾಗಿ ಸುರಿದ. ಒಂದರ ಮೇಲೊಂದು, ಹಸಿಯ ಮೇಲೆ ಹಸಿ.

ಇನ್ನು ಹೂವಿನ ಕಥೆ. ಇಡೀ ಗೊಂಚಲು ತಂದಿಟ್ಟರೆ ಮಧ್ಯಾಹ್ನಕ್ಕೆ ಕತ್ತು ಬಾಗಿಸುತ್ತಿತ್ತು. ಅದಕ್ಕೆ ದಿನಾ ಬೆಳಿಗ್ಗೆ ಮೂಲೆಯ ಹೂವಿನಂಗಡಿಗೆ ಹೋಗಿ, ಬುಟ್ಟಿಯೆಲ್ಲ ತಿರುವಿ, ಒಂದೇ ಒಂದು ಹೂವು ಆರಿಸಿಕೊಂಡು, ಅದನ್ನು ಅಂಗಿಯೊಳಗೆ ಮುಚ್ಚಿಟ್ಟುಕೊಂಡು ಓಡಿಬರುತ್ತಿದ್ದ. ಬಿಸಿಲು ತಾಗದಿರಲೆಂದು ಮುಚ್ಚಿಟ್ಟದ್ದು. ಹೂವಿನಂಗಡಿಯವಳು ಬೇರೆಯೇ ಲೆಕ್ಕ ಹಾಕಿದಳು. ಈ ವಯಸ್ಸಿನಲ್ಲಿ, ಬಣ್ಣದ ಕೈಯಲ್ಲಿ, ದಿನಾ ಒಂದು ಹೂವು! ಮೂರನೇ ದಿನಕ್ಕೆ ಬೀದಿಯೆಲ್ಲ ಬಿಸಿಬಿಸಿ ಸುದ್ದಿ. ಬೋರ್ಡಕ್ಕ ಆ ಕಡೆ ಹೋದಾಗ ಅವಳು ಕೈ ಹಿಡಿದು ಕೂರಿಸಿಕೊಂಡು, “ಅಕ್ಕಾ, ಹೇಳಬಾರದು, ಆದ್ರೂ ಹೇಳ್ತೀನಿ. ನಿಮ್ಮ ಯಜಮಾನ್ರು ನಿನ್ನೆ ಒಯ್ದ ಕೆಂಪು ಗುಲಾಬಿ ನಿಮ್ಮ ಕೈಗೆ ಬಂತಾ?” ಎಂದಳು.

“ಇಲ್ಲ ಕಣೇ.”

“ಅಯ್ಯೋ ದೇವರೇ! ಮತ್ತೆ ಯಾರಿಗೆ ಹೋಗ್ತಿದೆ?”

“ಬಿಸ್ಕತ್ತಿನ ಜಾಡಿಗೆ,” ಎಂದು ಬೋರ್ಡಕ್ಕ ಎದ್ದುಬಂದಳು. ಹೂವಿನಂಗಡಿಯವಳಿಗೆ ಅದು ಯಾವ ಹೆಂಗಸಿನ ಅಡ್ಡಹೆಸರೋ ತಿಳಿಯದೆ ತಲೆ ಕೆಟ್ಟುಹೋಯಿತು.

ಬೆನ್ನು ತಿರುಗಿಸಿದ ಗುಲಾಬಿಯನ್ನು ಬೋರ್ಡಣ್ಣ ಕೊನೆಗೆಂದು ಇಟ್ಟುಕೊಂಡಿದ್ದ. ಅದು ಹೆಂಡತಿಯ ಹೂವು. ಸರಿಯಾಗಿ ನಡುಮಧ್ಯೆ ಜಾಗ ಕಾದಿರಿಸಿದ್ದ. ಒಳ್ಳೇ ಕೆಂಪು ಗುಲಾಬಿ ತಂದು, ಜಾಡಿಯಲ್ಲಿ ಆ ಕಡೆ ತಿರುಗಿಸಿ ಇಟ್ಟು, ಕೂತು ಬರೆಯತೊಡಗಿದ. ಸ್ವಲ್ಪ ಹೊತ್ತಿಗೆ ಹೆಂಡತಿ ನೋಡಿದರೆ ಗಂಡ ಮೇಜಿನ ಆ ಬದಿಯಲ್ಲಿ, ಕಿಟಕಿಗೆ ಅಂಟಿಕೊಂಡು ಕೂತಿದ್ದಾನೆ.

“ರೀ, ಅಲ್ಲಿಗೆ ಯಾಕೆ ಹೋದ್ರಿ?”

“ಎಲ್ಲಿಗೆ?” ಅವನು ಸುತ್ತ ನೋಡಿಕೊಂಡ. ಕುರ್ಚಿ ಯಾವಾಗ ಸುತ್ತು ಹಾಕಿತೋ ಅವನಿಗೇ ಗೊತ್ತಿರಲಿಲ್ಲ. ಹೂವಿನ ಮುಖ ಎಲ್ಲಿತ್ತೋ ಅಲ್ಲಿಗೆ ಅವನ ಕಾಲು ಕುರ್ಚಿಯನ್ನು ಎಳೆದುಕೊಂಡು ಹೋಗಿತ್ತು.

ಒರೆಸಿ ಮತ್ತೆ ಶುರುಮಾಡಿದ. ಈ ಸಲ ಕುರ್ಚಿ ಅಲ್ಲೇ ಇತ್ತು, ಕೈ ತಿರುಗಿತು. ಬೆನ್ನೆಂದು ಶುರುವಾದದ್ದು ಎಸಳು ಎಸಳಾಗಿ ಅರಳಿ ಮುಖವಾಗಿ ಕೂತಿತು. ಮತ್ತೆ ಒರೆಸಿದ. ಮತ್ತೆ ಮುಖ. “ಏನು ಮಾಡ್ಲಿ ಹೇಳು! ಜೀವಮಾನವೆಲ್ಲ ಬರೆದಿದ್ದೇ ಗಿರಾಕಿಗೆ ಮುಖ ತೋರಿಸೋ ಅಕ್ಷರ. ‘ಹಲ್ಲಿನ ಡಾಕ್ಟರ್’ ಅನ್ನೋದರಲ್ಲಿ ಒಂದು ಅಕ್ಷರ ಮುನಿಸ್ಕೊಂಡು ಆ ಕಡೆ ತಿರುಗಿ ನಿಂತರೆ ನನ್ನ ಹಲ್ಲೇ ಉದುರಿಸ್ತಿದ್ದರು!”

ಅತಿಥಿಗಳು ಬರುವ ಹಿಂದಿನ ದಿನ ಕೈಚೆಲ್ಲಿದ. ನಡುಮಧ್ಯೆ, ಒರೆಸಿ ಬಳಿದು ಉಳಿದೆಲ್ಲಕ್ಕಿಂತ ದಪ್ಪಗೆ ಉಬ್ಬಿದ ಅಂಗೈಯಗಲದ ಕೆಂಪು ಗುಲಾಬಿ, ಪಾಸ್‌ಪೋರ್ಟ್ ಫೋಟೋಗೆ ಕೂತ ಹಾಗೆ ನೇರ ಮುಂದಕ್ಕೆ ನೋಡುತ್ತಿತ್ತು. ಸುತ್ತ ಉಳಿದ ಹೂವುಗಳೂ ಅಷ್ಟೇ, ಒಂದಕ್ಕಿಂತ ಒಂದು ಶಿಸ್ತು. ಮೈಮರೆತು ಎಲ್ಲಕ್ಕೂ ಕೆಳಗೆ ಬಲಗಡೆ ನೆರಳು ಹಾಕಿದ್ದ. ಕೊನೆಗೆ ಮಾವನ ಮಾತು ನೆನೆದು ಇಡೀ ಚಿತ್ರಕ್ಕೆ ವಾರ್ನಿಷ್ಷು ಎಳೆದ.

ಅಮ್ಮ ಬಂದು ನಿಂತಳು. ತಲೆ ಆ ಕಡೆ ಈ ಕಡೆ ವಾಲಿಸಿದಳು. “ಚೆನ್ನಾಗಿದೆ ಕಣೋ. ಫೋನ್ ನಂಬರ್ ಎಲ್ಲಿ ಬರೀತೀಯ?”

ಹೆಂಡತಿಯೂ ನೋಡಿದಳು. “ಚೆನ್ನಾಗಿದೆ,” ಎಂದಳು. ಕಾಲಿಗೆ ಹಿಡಿಸದ ಚಪ್ಪಲಿಯನ್ನು ಉಡುಗೊರೆಯಾಗಿ ಪಡೆದವರು ಹೇಳುವಂಥ ‘ಚೆನ್ನಾಗಿದೆ.’ ಬೋರ್ಡಣ್ಣನಿಗೆ ಅವನ ಮಾವ ಕೋಲಲ್ಲಿ ಬಾರಿಸಿದಾಗಲೂ ಅಷ್ಟು ನೋವಾಗಿರಲಿಲ್ಲ.

ಬೆಳಿಗ್ಗೆ ಎದ್ದು ಬೆರಳು ತಾಗಿಸಿ ನೋಡಿದರೆ, ಅಂಟು! ಜೇನುತುಪ್ಪದ ಹಾಗೆ ಅಂಟು! ಮೊದಲ ಬಾರಿಗೆ ಫೋನು ತೆಗೆದು, ಮುದುಕ ಕುರ್ಚಿಯಲ್ಲಿ ಕೂತು ಹೇಳಿದ್ದನ್ನು ಪೂರ್ತಿ ಓದಿದ. ಓದುತ್ತಾ ಓದುತ್ತಾ ತಾನೂ ಕುರ್ಚಿಯಲ್ಲಿ ಕುಸಿದ.

“ಇನ್ನು ಎರಡು ತಿಂಗಳು ಒಣಗಲ್ಲವಂತೆ.”

“ಅವರು ಇನ್ನೇನು ಬಂದ್ಬಿಡ್ತಾರೆ,” ಎಂದಳು ಹೆಂಡತಿ. ಚಿತ್ರದತ್ತ ಬಾಗಿ ನೋಡಿದಳು. “ನೋಡೋಕೆ ಒಣಗಿದ ಹಾಗೇ ಇದೆ. ಯಾರೂ ಮುಟ್ಟದಿದ್ರೆ ಆಯ್ತು. ಅಕ್ಕ ಮುಟ್ಟಲ್ಲ, ಅವಳಿಗೆ ಕೈ ಕೊಳೆ ಆಗಬಾರದು. ಭಾವನದೇ ಭಯ.”

“ಅವರು ತಟ್ಟಿ ನೋಡದೆ ಬಿಡೋರಲ್ಲ.”

“ಅವರ ಕೈ ಖಾಲಿ ಇದ್ರೆ ತಾನೇ?”

ಗೋಡೆಯ ಮೊಳೆ ಕ್ಯಾಲೆಂಡರಿಗೆ ತಕ್ಕಷ್ಟೇ ಇತ್ತು. ಹಾಗಾಗಿ ಮೇಜನ್ನೇ ಗೋಡೆಗೆ ತಳ್ಳಿ, ಅದರ ಮೇಲೆ ಚಿತ್ರವನ್ನು ಗೋಡೆಗೆ ಆನಿಸಿ ನಿಲ್ಲಿಸಿದರು. ಬೀದಿಯ ಮೂಲೆಯಲ್ಲಿ ಗಾಡಿ ನಿಂತ ಸದ್ದಾಯಿತು. ಅಕ್ಕ ಮುಂದೆ, ಷಡ್ಡಕ ಹಿಂದೆ, ಇಸ್ತ್ರಿ ಮುರಿಯದ ಬಿಳೀ ಶರ್ಟು ತೊಟ್ಟು.

“ಏನಪ್ಪಾ ಕಲಾವಿದ!” ಎನ್ನುತ್ತಲೇ ಷಡ್ಡಕ ಗೋಡೆಗೆ ಟಕ್ ಟಕ್ ಮಾಡಿ, ಗೆಣ್ಣು ಮಡಿಸಿದ ಕೈಯಲ್ಲೇ ನೇರ ಚಿತ್ರದತ್ತ ನಡೆದ. ಗೆಣ್ಣಿಗೂ ಗುಲಾಬಿಗೂ ಗೇಣು ದೂರ ಇರುವಾಗ ಬೋರ್ಡಕ್ಕ ನಡುವೆ ನುಗ್ಗಿ, “ಭಾವ, ಟೀ!” ಎಂದು ಒಂದು ಕೈಗೆ ತುಂಬಿದ ಲೋಟ, “ಭಾವ, ಬಿಸ್ಕತ್ತು!” ಎಂದು ಇನ್ನೊಂದಕ್ಕೆ ತಟ್ಟೆ ಹಿಡಿಸಿಬಿಟ್ಟಳು. ಅಮ್ಮ ಬಿಟ್ಟುಕೊಟ್ಟ ಬಿಸ್ಕತ್ತು ಅದು, ತ್ಯಾಗ ಸಣ್ಣದಲ್ಲ.

ಅಕ್ಕ ದೂರದಲ್ಲಿ ನಿಂತು ನೋಡಿದಳು. ಕನ್ನಡಕ ಏರಿಸಿ ನೋಡಿದಳು, ಇಳಿಸಿ ನೋಡಿದಳು.

“ಕೈಯಲ್ಲೇ ಬರೆದಿದ್ದಾ?”

“ಕೈಯಲ್ಲೇ, ಅತ್ತಿಗೆ.”

“ಹೂಂ. ಹೂವೆಲ್ಲ ಯಾಕೋ ಡ್ರಿಲ್ ಮಾಸ್ತರು ನಿಲ್ಲಿಸಿದ ಹಾಗೆ ನಿಂತಿವೆ.” ಆಮೇಲೆ ಒಳಗಿಂದ ಯಾರೋ ಎಳೆದು ತೆಗೆದ ಹಾಗೆ ಒಂದು ಮಾತು ಬಂತು: “ಆದ್ರೂ ಪರವಾಗಿಲ್ಲ. ನಮ್ಮದು ಅಚ್ಚು. ಇದು ಕೈಯಲ್ಲಿ ಬರ್ದಿದ್ದು.”

ಬೋರ್ಡಕ್ಕ ಉಸಿರು ಬಿಟ್ಟಳು. ಗೆದ್ದಾಯಿತು. ಇನ್ನು ಟೀ ಮುಗಿಸಿ ಹೊರಟರೆ ಸಾಕು.

“ರೀ, ಅದರ ಪಕ್ಕ ನಿಂತ್ಕೊಳ್ಳಿ, ಒಂದು ಫೋಟೋ ತೆಗೀತೀನಿ,” ಎಂದು ಅಕ್ಕ ಫೋನು ಎತ್ತಿದಳು. ಷಡ್ಡಕ ಮೇಜಿನ ಮುಂದೆ ನಿಂತ. “ಇನ್ನೂ ಸ್ವಲ್ಪ ಹಿಂದೆ. ಲೋಟ ಕೆಳಗಿಳಿಸಿ. ಹಾಂ, ಇನ್ನೂ ಸ್ವಲ್ಪ.” ಬೋರ್ಡಣ್ಣ ಕೈ ಚಾಚಿ ಅತ್ತ ಧಾವಿಸುವಷ್ಟರಲ್ಲಿ, ಎರಡೂ ಕೈ ತುಂಬಿದ್ದ ಷಡ್ಡಕ ಬೇರೇನೂ ಮಾಡಲು ತೋಚದೆ ಮೇಜಿನ ಅಂಚಿಗೆ ಕೂತು, ತನ್ನ ಅಭ್ಯಾಸದಂತೆ ಹಾಯಾಗಿ ಹಿಂದಕ್ಕೆ ಒರಗಿಬಿಟ್ಟ.

ಫೋಟೋ ಬಂತು. ಷಡ್ಡಕ ಎದ್ದ. ಒದ್ದೆ ಚಪ್ಪಲಿ ನೆಲದಿಂದ ಕಿತ್ತು ಬಂದ ಹಾಗೆ ‘ಚರ್ರ್’ ಎಂದು ಸದ್ದಾಯಿತು.

ಷಡ್ಡಕ ಬಿಸ್ಕತ್ತು ಕಡಿಯುತ್ತ ಕಿಟಕಿಯತ್ತ ನಡೆದ. ಬಿಳೀ ಶರ್ಟಿನ ಬೆನ್ನ ನಡುಮಧ್ಯೆ ಅಂಗೈಯಗಲದ ಕೆಂಪು ಗುಲಾಬಿ, ನೆರಳಿನ ಸಮೇತ, ಎಲ್ಲರನ್ನೂ ನೇರವಾಗಿ ನೋಡುತ್ತಾ ಹೋಯಿತು.

“ಅಯ್ಯಯ್ಯೋ,” ಎಂದಳು ಅಮ್ಮ, “ಹೂವು ಎದ್ದು ಹೊರಟೇಬಿಡ್ತಲ್ಲೋ!”

ಮೊದಲು ನಕ್ಕವಳು ಅಕ್ಕ. ನಕ್ಕಳೆಂದರೆ ಎಂಥ ನಗು! ಗೋಡೆ ಹಿಡಿದು, ಹೊಟ್ಟೆ ಹಿಡಿದು, ಕನ್ನಡಕ ಜಾರಿ. ಷಡ್ಡಕ “ಏನು? ಏನಾಯ್ತು?” ಎಂದು ತನ್ನ ಬೆನ್ನನ್ನು ತಾನೇ ನೋಡಲು ಬಾಲ ಹಿಡಿಯುವ ನಾಯಿಯಂತೆ ಸುತ್ತತೊಡಗಿದ. ಟೀ ಸುತ್ತಲೂ ಚೆಲ್ಲಿತು.

ಬೋರ್ಡಣ್ಣ ನಗಲಿಲ್ಲ. ಚಿತ್ರ ಹಾಳಾದರೆ ಹಾಳಾಗಲಿ, ಹೆಂಡತಿಯ ಮುಖ ಬಸ್ಸಿನಲ್ಲಿ ಆದಂತೆ ಮತ್ತೆ ಸಣ್ಣದಾಗಿದೆಯೋ ಏನೋ ಎಂದು ಅವಳತ್ತ ತಿರುಗಿದ. ಅವಳು ನಗುತ್ತಲೂ ಇರಲಿಲ್ಲ, ಅಳುತ್ತಲೂ ಇರಲಿಲ್ಲ. ಚಿತ್ರವನ್ನೇ ನೋಡುತ್ತಿದ್ದಳು.

“ರೀ,” ಎಂದಳು, “ತಿರುಗ್ಕೊಂಡಿತು.”

ಅವನೂ ನೋಡಿದ. ನಡುಮಧ್ಯೆ ಮುಖವಿದ್ದ ಕಡೆ ಮುಖವಿಲ್ಲ. ತಳದ ಕಂದು, ಅದರ ಮೇಲೆ ತೆಳ್ಳಗೆ ಉಳಿದ ಮಾಸಲು ಕೆಂಪು. ಸುತ್ತಲ ಅಂಚೆಲ್ಲ ಕಲಸಿ ಕತ್ತಲಿಗೆ ಇಳಿದಿತ್ತು. ಹಾಕಿದ್ದ ನೆರಳೂ ಹೂವಿನ ಜೊತೆಗೇ ಷಡ್ಡಕನ ಬೆನ್ನೇರಿತ್ತು. ಸುತ್ತ ಹೂವುಗಳು ಎದೆಯುಬ್ಬಿಸಿ ನಿಂತಿದ್ದರೆ, ಅದೊಂದು ಎಲ್ಲರಿಗೂ ಬೆನ್ನು ಹಾಕಿ ಕತ್ತಲೊಳಗೆ ಏನನ್ನೋ ನೋಡುವ ಹಾಗಿತ್ತು.

ಬೋರ್ಡಣ್ಣ ಕೋಲು ತೆಗೆದುಕೊಂಡ. ಸಣ್ಣ ಬ್ರಶ್ಶಿನಲ್ಲಿ ಹಸಿರು ಅದ್ದಿ, ಮಾಸಲು ಕೆಂಪಿನ ನಡುವೆ, ಹೂವಿನ ತೊಟ್ಟು ಕೂಡುವ ಜಾಗದಲ್ಲಿ, ಮಡಿಸಿದ ಐದು ಪುಟ್ಟ ಎಲೆ, ಅದರ ಕೆಳಗೆ ಒಂದು ತೊಟ್ಟು. ಅಷ್ಟೇ. ನೆರಳಿಗೆಂದು ಕೈ ತಾನೇ ಕೆಳಗೆ ಬಲಗಡೆಗೆ ಹೊರಟಿತು. ಹೆಂಡತಿ ಅವನ ಮಣಿಕಟ್ಟು ಹಿಡಿದಳು. ಬಿಡಲೇ ಇಲ್ಲ.

“ನನ್ನ ಶರ್ಟು!” ಎಂದು ಷಡ್ಡಕ ಕೂಗಿದ, ಕೊನೆಗೂ ಕನ್ನಡಿ ಸಿಕ್ಕಿ.

“ಅಣ್ಣ, ಒಂದೇ ನಿಮಿಷ ಹಾಗೇ ಆ ಕಡೆ ತಿರುಗಿ ನಿಂತ್ಕೊಳ್ಳಿ,” ಎಂದ ಬೋರ್ಡಣ್ಣ, “ಆ ಕೆಂಪು ಯಾವುದು ಬೆರೆಸಿದ್ದೆ ಅಂತ ಸ್ವಲ್ಪ ನೋಡ್ಬೇಕು.”

ಸಂಜೆ ಅಕ್ಕ ಗಂಡನನ್ನು ಮುಂದೆ ನಡೆಸಿಕೊಂಡು, ಹಿಂದೆ ನಗುತ್ತಾ, ಗಾಡಿ ನಿಲ್ಲಿಸಿದ್ದ ಮೂಲೆಯವರೆಗೆ ಹೋದಳು. ಹೂವಿನಂಗಡಿಯವಳು ಬುಟ್ಟಿ ಬಿಟ್ಟು ಎದ್ದು ನಿಂತು, ಇಡೀ ಬೀದಿಗೆ ಕೇಳುವ ಹಾಗೆ, “ಅಂತೂ ಗುಲಾಬಿ ಯಾರಿಗೆ ಹೋಗ್ತಿತ್ತು ಅಂತ ಗೊತ್ತಾಯ್ತು ಬಿಡ್ರಪ್ಪಾ!” ಎಂದು ಕೂಗಿದಳು.

ಬೋರ್ಡಕ್ಕ ಇಪ್ಪತ್ತು ಬಗೆಯ ಕಲೆ ತೆಗೆದವಳು, ಆ ಶರ್ಟಿನ ಕಲೆಗೆ ಮಾತ್ರ ಔಷಧ ಗೊತ್ತಿಲ್ಲ ಎಂದು ಅಕ್ಕನಿಗೆ ಫೋನಿನಲ್ಲಿ ಹೇಳಿದಳು. ಸುಳ್ಳೋ ನಿಜವೋ ಕೇಳುವ ಧೈರ್ಯ ಬೋರ್ಡಣ್ಣನಿಗೆ ಬರಲಿಲ್ಲ. ಚಿತ್ರ ಒಣಗುವವರೆಗೂ ಮನೆಮಂದಿ ಮೊಣಕಾಲ ಮೇಲೇ ಉಂಡರು. ಒಣಗಿದ ದಿನ ಹೆಬ್ಬೆರಳು ಗಾತ್ರದ ಮೊಳೆ ಹೊಡೆದು ಚಿತ್ರ ಏರಿಸಿ, ಕ್ಯಾಲೆಂಡರನ್ನು ಅಡುಗೆಮನೆಗೆ ಕಳಿಸಿದರು.

ಅಮ್ಮ ಕೆಳಗೆ ಕೂತು ಕತ್ತೆತ್ತಿ ನೋಡಿದಳು. “ಎಲ್ಲ ಸರಿ. ನಡುಮಧ್ಯದ್ದು ಯಾರ ಮೇಲೆ ಮುನಿಸ್ಕೊಂಡಿದೆ?”

“ಯಾರ ಮೇಲೂ ಇಲ್ಲ, ಅತ್ತೆ,” ಎಂದಳು ಬೋರ್ಡಕ್ಕ. ಕುರ್ಚಿಯನ್ನು ಚಿತ್ರದತ್ತ ತಿರುಗಿಸಿ, ಬೀದಿಬಾಗಿಲಿಗೆ ಬೆನ್ನು ಹಾಕಿ, ಟೀ ಲೋಟ ಹಿಡಿದು ಕೂತಳು. ಹೊರಗಿಂದ ಯಾರೋ ಬೋರ್ಡಕ್ಕಾ ಎಂದು ಕೂಗಿದರು. ಅವಳು ತಿರುಗಿ ನೋಡಲಿಲ್ಲ.